ಶಬ್ದಾಡಂಬರವೂ ಅರ್ಥದಾರಿದ್ರ್ಯವೂ

ತಂಜಾವೂರು ಸೀಮೆಯ ಪಂಡಿತರೊಬ್ಬರು ಒಪ್ಪಿಸಿದ ಓಲೆಯ ಕಟ್ಟಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರ ಅಡಗಿರುವುದನ್ನು 1905ರಲ್ಲಿ ಮೈಸೂರಿನ ಓರಿಯೆಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು ಗುರುತಿಸಿ, 1909ರಲ್ಲಿ ಅದನ್ನು ಅಚ್ಚುಹಾಕಿಸಿ ಲೋಕಕ್ಕೆ ಕೊಟ್ಟ ಸಂಗತಿಯನ್ನು ಕನ್ನಡಿಗರು ಅಭಿಮಾನದಿಂದ ನೆನೆಯುತ್ತಾರೆ. ಆದರೆ ಆ ಗ್ರಂಥವನ್ನು ಕೈಗೆತ್ತಿಕೊಂಡ ಓದುಗರ ಕುತೂಹಲ ಗೂಢಚಾರರು, ದುರ್ಗಗಳು, ಸಂಧಿವಿಗ್ರಹಗಳು ಇವುಗಳ ಸುತ್ತಲೇ ಸುಳಿಯುವುದರಿಂದ, ಎರಡನೆಯ ಅಧಿಕರಣದ ಹತ್ತನೆಯ ಅಧ್ಯಾಯದಲ್ಲಿ ಕೌಟಿಲ್ಯನು ಕಾಗದಪತ್ರಗಳ ಬರವಣಿಗೆಯನ್ನು ಕುರಿತು ಆಡಿರುವ ಮಾತುಗಳು ಪಂಡಿತರ ವಲಯವನ್ನು ದಾಟಿ ಹೆಚ್ಚು ದೂರ ಬಂದಿಲ್ಲ.

ಆ ಅಧ್ಯಾಯಕ್ಕೆ ಶಾಸನಾಧಿಕಾರವೆಂದು ಹೆಸರು. ಅರಸರ ವ್ಯವಹಾರವೆಲ್ಲ ಲಿಖಿತವಾದ ಆಜ್ಞೆಯನ್ನು ಅವಲಂಬಿಸಿದೆ, ಸಂಧಿಗೂ ಯುದ್ಧಕ್ಕೂ ಅದೇ ಮೂಲ ಎಂದು ಪೀಠಿಕೆ ಹಾಕಿ, ಲೇಖಕನಾಗುವವನಿಗೆ ಅಮಾತ್ಯನಿಗೆ ಇರಬೇಕಾದ ಯೋಗ್ಯತೆಯೇ ಇರಬೇಕೆಂದು ವಿಧಿಸಿ, ಅವನು ಅರಸನ ಮಾತನ್ನು ಏಕಾಗ್ರಚಿತ್ತದಿಂದ ಕೇಳಿ ನಿಶ್ಚಿತಾರ್ಥವುಳ್ಳ ಲೇಖವನ್ನು ರಚಿಸತಕ್ಕದ್ದೆಂದು ಕೌಟಿಲ್ಯನು ಹೇಳುತ್ತಾನೆ. ಅನಂತರ ಲೇಖದ ಆರು ಗುಣಗಳನ್ನು ಎಣಿಸುತ್ತಾನೆ: ಅರ್ಥಕ್ರಮ, ಸಂಬಂಧ, ಪರಿಪೂರ್ಣತೆ, ಮಾಧುರ್ಯ, ಔದಾರ್ಯ, ಸ್ಪಷ್ಟತ್ವ. ಪ್ರಧಾನವಾದ ವಿಷಯವನ್ನು ಮೊದಲಿಗೆ ನಿಲ್ಲಿಸಿ ಉಳಿದುದನ್ನು ಯಥೋಚಿತವಾಗಿ ಹಿಂದೆ ಜೋಡಿಸುವುದು ಅರ್ಥಕ್ರಮ. ಅರ್ಥವಾಗಲಿ ಪದವಾಗಲಿ ಅಕ್ಷರವಾಗಲಿ ಕಡಮೆಯೂ ಆಗದೆ ಮಿಗಿಲೂ ಆಗದೆ ಇರುವುದು ಪರಿಪೂರ್ಣತೆಯ ಮೊದಲ ಲಕ್ಷಣ. ಜನರಿಗೆ ಪರಿಚಿತವಾದ ಶಬ್ದಗಳನ್ನು ಬಳಸುವುದು ಸ್ಪಷ್ಟತ್ವ. ದೋಷಗಳನ್ನೂ ಐದು ಬಗೆಯೆಂದು ಹೇಳಿ, ವಿಶೇಷವೇನನ್ನೂ ಸೇರಿಸದೆ ಹೇಳಿದ್ದನ್ನೇ ಮರಳಿ ಹೇಳುವ ಪುನರುಕ್ತವನ್ನು ಅವುಗಳ ಸಾಲಿಗೆ ಸೇರಿಸುತ್ತಾನೆ. ಇವೆಲ್ಲವೂ ಕಾವ್ಯಕ್ಕೆ ಹೇಳಿದ ಮಾತುಗಳಲ್ಲ, ಕಚೇರಿಯ ಕಾಗದಕ್ಕೆ ಹೇಳಿದವು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು, ನಮ್ಮ ಇಂದಿನ ಪತ್ರವ್ಯವಹಾರವನ್ನೂ ಪ್ರಕಟಣೆಗಳನ್ನೂ ಭಾಷಣ ವರದಿಗಳನ್ನೂ ಈ ಮಾನದಿಂದ ಅಳೆದು ನೋಡುವುದು ನಮ್ಮ ಕರ್ತವ್ಯವೆಂದು ನನಗೆ ತೋರುತ್ತದೆ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಬಯಲುಸೀಮೆಯ ಹಳ್ಳಿಯೊಂದರಲ್ಲಿ ಕೆರೆಯ ತೂಬು ಶಿಥಿಲವಾಗಿ ನೀರು ಸೋರಿಹೋಗುತ್ತಿದೆ. ಅಚ್ಚುಕಟ್ಟಿನ ರೈತನೊಬ್ಬನು, ಈ ಬಾರಿ ಭತ್ತದ ಒಟ್ಲು ಹಾಕಬೇಕೋ ರಾಗಿಗೇ ತೃಪ್ತಿಪಡಬೇಕೋ ಎಂದು ನಿರ್ಧರಿಸಲಾರದೆ, ತೂಬಿನ ದುರಸ್ತಿ ಯಾವಾಗ ಆಗುತ್ತದೆಂದು ಕಚೇರಿಗೆ ಅರ್ಜಿ ಬರೆದು ಕೇಳುತ್ತಾನೆ. ಅವನಿಗೆ ಬರುವ ಉತ್ತರ ಈ ಬಗೆಯದು: ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಉಲ್ಲೇಖಿತ ಪತ್ರದಲ್ಲಿ ತಾವು ಪ್ರಸ್ತಾಪಿಸಿರುವ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಲಾಗಿದ್ದು, ಸದರಿ ವಿಷಯದ ಬಗ್ಗೆ ಸಂಬಂಧಪಟ್ಟವರಿಂದ ವರದಿಯನ್ನು ಪಡೆದು, ಅನುದಾನದ ಲಭ್ಯತೆಗನುಗುಣವಾಗಿ, ಆದ್ಯತೆಯ ಮೇರೆಗೆ, ನಿಯಮಾನುಸಾರ ಸೂಕ್ತ ಕ್ರಮವನ್ನು ಕೈಗೊಳ್ಳಲಾಗುವುದೆಂದು ಈ ಮೂಲಕ ತಿಳಿಯಪಡಿಸಲಾಗಿದೆ.’ ಈ ಧಾಟಿಯ ಕಾಗದ ಬಾರದ ಮನೆ ನಮ್ಮ ನಾಡಿನಲ್ಲಿ ವಿರಳ. ವ್ಯಾಕರಣದ ತಪ್ಪು ಇದರಲ್ಲಿಲ್ಲ, ಅವಿನಯವೂ ಇಲ್ಲ, ಸುಳ್ಳೆಂದು ತೋರಿಸಿಕೊಡಬಹುದಾದ ಮಾತು ಒಂದೂ ಇಲ್ಲ. ಆದರೂ ಇದನ್ನು ಓದಿದ ರೈತನು ಅರ್ಜಿ ಬರೆಯುವ ಮುನ್ನ ಎಲ್ಲಿದ್ದನೋ ಅಲ್ಲಿಯೇ ಇದ್ದಾನೆ.

ಈ ವಾಕ್ಯದ ಒಂದೊಂದು ಪದವನ್ನೂ ಎತ್ತಿ ಅದರ ಹಿಂದೆ ಏನಿದೆಯೆಂದು ನೋಡಬೇಕು. ‘ಕೂಲಂಕಷವಾಗಿ ಪರಿಶೀಲಿಸಲಾಗಿದೆ’ ಎಂದರೆ ಯಾರಾದರೂ ತೂಬನ್ನು ಹೋಗಿ ನೋಡಿದರೆ, ಇಲ್ಲವೆ ಅರ್ಜಿಯನ್ನು ಮೇಜಿನ ಮೇಲೆ ಓದಿದರೆ ಎಂಬುದು ತಿಳಿಯದು. ‘ಸಂಬಂಧಪಟ್ಟವರು’ ಎಂಬ ಮಾತಿನಲ್ಲಿ ಎಂಜಿನಿಯರರೂ ಅಡಗಬಹುದು, ಪಂಚಾಯಿತಿಯ ಕಾರ್ಯದರ್ಶಿಯೂ ಅಡಗಬಹುದು, ಯಾರೊಬ್ಬರೂ ಇಲ್ಲದೆಯೂ ಇರಬಹುದು. ‘ನಿಯಮಾನುಸಾರ’ ಎಂಬುದು ಹೇಳಬೇಕಾದ ಮಾತೇ ಅಲ್ಲ. ನಿಯಮವನ್ನು ಮೀರಿ ಕೆಲಸ ಮಾಡಿಕೊಡಿರೆಂದು ಅರ್ಜಿದಾರನು ಕೇಳಿರಲಿಲ್ಲ. ‘ಸೂಕ್ತ’ ಎಂಬ ವಿಶೇಷಣವಂತೂ ಇಡೀ ಪತ್ರದ ಜೀವಾಳವಾಗಿ ನಿಂತಿದೆ: ಯಾವುದು ಸೂಕ್ತವೆಂಬುದನ್ನು ತಿಳಿಯುವುದಕ್ಕೇ ಅರ್ಜಿ ಹೋಗಿತ್ತು, ಆ ಪ್ರಶ್ನೆಯೇ ಉತ್ತರದ ವೇಷವನ್ನು ತೊಟ್ಟು ಹಿಂದಿರುಗಿ ಬಂದಿದೆ. ಕೌಟಿಲ್ಯನು ಬೇಡಿದ ನಿಶ್ಚಿತಾರ್ಥ ಇಲ್ಲಿ ಲೇಶವಾದರೂ ಇಲ್ಲ. ಪ್ರಧಾನವಾದ ವಿಷಯವನ್ನು ಮೊದಲಿಗೆ ಇಡುವ ಮಾತಂತೂ ದೂರವೇ ಉಳಿಯಿತು, ಏಕೆಂದರೆ ಮೊದಲಿಗೆ ಇಡತಕ್ಕ ಪ್ರಧಾನ ವಿಷಯವೊಂದು ಪತ್ರದಲ್ಲಿ ಇದ್ದರಲ್ಲವೆ!

ಇದೆಲ್ಲಕ್ಕಿಂತ ಹೆಚ್ಚಿನ ಹಾನಿಯನ್ನು ಮಾಡುವುದು ಕ್ರಿಯಾಪದ. ಕನ್ನಡದ ಕ್ರಿಯಾಪದ ತನ್ನ ಪ್ರತ್ಯಯದಲ್ಲಿಯೇ ಮಾಡುವವನನ್ನು ಹೊತ್ತುಕೊಂಡು ಬರುತ್ತದೆ. ‘ನೋಡುತ್ತೇನೆ’ ಎಂದೊಡನೆ ನಾನು, ‘ನೋಡುತ್ತಾಳೆ’ ಎಂದೊಡನೆ ಅವಳು, ‘ನೋಡುತ್ತೇವೆ’ ಎಂದೊಡನೆ ನಾವು ಎಂಬ ಅರ್ಥ ಸರ್ವನಾಮದ ಹಂಗಿಲ್ಲದೆ ಹೊರಡುವುದು ಈ ಭಾಷೆಯ ಸಹಜ ಶಕ್ತಿ. ಕರ್ಮಣಿಪ್ರಯೋಗ ನಮ್ಮಲ್ಲಿ ಇದ್ದರೂ ಆಡುಮಾತಿನಲ್ಲಿ ಅದರ ಬಳಕೆ ಅತ್ಯಲ್ಪ. ಮನೆಯಲ್ಲಿ ಯಾರೂ ‘ನನ್ನಿಂದ ಅನ್ನವು ಉಣ್ಣಲ್ಪಟ್ಟಿತು’ ಎನ್ನುವುದಿಲ್ಲ. ಆದರೂ ‘ಅಲ್ಪಡು’ ಎಂಬ ರೂಪದಲ್ಲಿ ‘ಇಂತಹವನಿಂದ’ ಎಂದು ಕರ್ತೃವನ್ನು ಸೇರಿಸುವುದಕ್ಕೆ ಒಂದು ಸ್ಥಾನವಾದರೂ ಉಳಿದಿದೆ. ಕಚೇರಿಯ ಕನ್ನಡಕ್ಕೆ ಪ್ರಿಯವಾದ ‘ಲಾಗುವುದು’, ‘ಲಾಗಿದೆ’ ಎಂಬ ರೂಪಗಳು ಆ ಸ್ಥಾನವನ್ನೂ ತೆಗೆದುಹಾಕಿವೆ. ‘ಕ್ರಮ ಕೈಗೊಳ್ಳಲಾಗುವುದು’ ಎಂಬ ವಾಕ್ಯಕ್ಕೆ ‘ನನ್ನಿಂದ’ ಎಂದು ಸೇರಿಸಿ ನೋಡಿರಿ, ಕಿವಿ ಒಪ್ಪುವುದಿಲ್ಲ. ಮಾಡುವವನು ಮರೆಯಾದನು, ಅವನೊಡನೆ ಹೊಣೆಯೂ ಮರೆಯಾಯಿತು. ನಾಳೆ ಆ ರೈತನು ಬಂದು ‘ಯಾರು ಮಾಡುತ್ತೇನೆಂದಿರಿ?’ ಎಂದು ಕೇಳಿದರೆ, ವಾಕ್ಯದಲ್ಲಿ ಯಾರೂ ಏನನ್ನೂ ಮಾಡುತ್ತೇನೆಂದು ಹೇಳಿಲ್ಲ.

ಅದೇ ಕಚೇರಿ ಅದೇ ಸಂಗತಿಯನ್ನು ಹೀಗೆ ಬರೆಯಬಹುದಾಗಿತ್ತು: ‘ನಿಮ್ಮ ಕೆರೆಯ ತೂಬನ್ನು ನಮ್ಮ ಸಹಾಯಕ ಎಂಜಿನಿಯರರು ಬರುವ ಸೋಮವಾರ ಬಂದು ನೋಡುತ್ತಾರೆ. ಅಂದಾಜುಪಟ್ಟಿಯನ್ನು ಒಂದು ತಿಂಗಳೊಳಗೆ ತಯಾರಿಸುತ್ತೇವೆ. ಈ ವರ್ಷದ ಅನುದಾನ ಮುಗಿದಿರುವುದರಿಂದ ಏಪ್ರಿಲಿಗಿಂತ ಮೊದಲು ಕೆಲಸ ಆರಂಭವಾಗುವುದಿಲ್ಲ. ಅಲ್ಲಿಯವರೆಗೆ ಮರಳಿನ ಮೂಟೆ ಇಟ್ಟು ನೀರು ತಡೆಯುವಂತೆ ಪಂಚಾಯಿತಿಗೆ ಬರೆದಿದ್ದೇವೆ.’ ಇದು ಸಂತೋಷದ ಸುದ್ದಿಯೇನೂ ಅಲ್ಲ; ಕೆಲಸ ಈ ವರ್ಷ ಆಗದೆಂದು ಸ್ಪಷ್ಟವಾಗಿ ಹೇಳುತ್ತದೆ. ಆದರೆ ಇದನ್ನು ಓದಿದ ಮನುಷ್ಯನು ಅಂದೇ ಸಂಜೆ ರಾಗಿಯ ಬಿತ್ತನೆಗೆ ನಿರ್ಧಾರಮಾಡಬಲ್ಲನು. ಕಹಿಯಾದರೂ ನಿಶ್ಚಿತವಾದ ಉತ್ತರ ಒಂದು ಸಂಸಾರದ ವರ್ಷದ ಅನ್ನವನ್ನು ಉಳಿಸಬಹುದು. ಸಿಹಿಯಾದರೂ ಪೊಳ್ಳಾದ ಉತ್ತರ ಅದನ್ನು ಕೆಡಿಸಬಹುದು. ಬರವಣಿಗೆಯ ಆಡಂಬರವನ್ನು ಕುರಿತು ಮಾತನಾಡುವಾಗ ಅದು ಕೇವಲ ಅಭಿರುಚಿಯ ಪ್ರಶ್ನೆಯೆಂದು ತಿಳಿಯುವವರು ಈ ಕಡೆಯನ್ನು ಅವಶ್ಯವಾಗಿ ಆಲೋಚಿಸಬೇಕು.

ಹಾಗೆಂದು ಆ ಪತ್ರವನ್ನು ಬರೆದ ಗುಮಾಸ್ತರನ್ನು ದೂರುವುದು ನ್ಯಾಯವಾಗದು. ಅವರು ದಿನಾಂಕವನ್ನು ಬರೆದು ಅದು ತಪ್ಪಿದರೆ ಮೇಲಧಿಕಾರಿಗಳಿಂದ ಕಾರಣ ಕೇಳುವ ಜ್ಞಾಪನ ಬರುತ್ತದೆ. ‘ಸೂಕ್ತ ಕ್ರಮ’ ಎಂದು ಬರೆದರೆ ಅವರನ್ನು ಯಾರೂ ಹಿಡಿಯುವಂತಿಲ್ಲ. ಲೆಕ್ಕ ತನಿಖೆ, ನ್ಯಾಯಾಲಯ, ವಿಧಾನಸಭೆಯ ಪ್ರಶ್ನೆ ಇವುಗಳ ಭಯದ ನಡುವೆ ಕುಳಿತು ಬರೆಯುವವನಿಗೆ ಶೂನ್ಯವಾದ ವಾಕ್ಯವೇ ಸುರಕ್ಷಿತವಾದ ವಾಕ್ಯವಾಗಿ ಕಾಣುವುದು ಸಹಜ. ಇದು ನಮ್ಮ ನಾಡಿಗೆ ಮಾತ್ರ ವಿಶಿಷ್ಟವಾದ ರೋಗವೂ ಅಲ್ಲ. ಬ್ರಿಟನ್ನಿನ ಖಜಾನೆಯ ಇಲಾಖೆ ತನ್ನ ನೌಕರರ ಬರವಣಿಗೆಯನ್ನು ತಿದ್ದುವ ಸಲುವಾಗಿ ಸರ್ ಅರ್ನೆಸ್ಟ್ ಗೋವರ್ಸ್ ಎಂಬ ಅನುಭವಿ ಅಧಿಕಾರಿಯಿಂದ ‘ಪ್ಲೇನ್ ವರ್ಡ್ಸ್’ ಎಂಬ ಪುಸ್ತಕವನ್ನು ಬರೆಸಿ 1948ರಲ್ಲಿ ಪ್ರಕಟಿಸಬೇಕಾಗಿ ಬಂತು. ಆ ರೋಗಕ್ಕೆ ಅಲ್ಲಿ ಚಿಕಿತ್ಸೆ ಆರಂಭವಾದ ಕಾಲಕ್ಕೆ, ನಾವು ಅದೇ ಇಂಗ್ಲಿಷ್ ಕಚೇರಿಯ ಅಚ್ಚುಗಳನ್ನು ಪವಿತ್ರವೆಂದು ಕಾಪಾಡಿಕೊಂಡು ಬಂದಿದ್ದೆವು. 1963ರ ರಾಜಭಾಷಾ ಅಧಿನಿಯಮದ ಮೂಲಕ ಕನ್ನಡ ಈ ರಾಜ್ಯದ ಆಡಳಿತ ಭಾಷೆಯಾದುದು ಹೆಮ್ಮೆಯ ಸಂಗತಿ. ಆದರೆ ಕಡತಗಳೊಳಗೆ ಕನ್ನಡದ ಪದಗಳು ಬಂದು ಕುಳಿತವೇ ಹೊರತು ಕನ್ನಡದ ವಾಕ್ಯ ಬರಲಿಲ್ಲ. ಇಂಗ್ಲಿಷಿನಲ್ಲಿ ಕರ್ತೃವನ್ನು ಮರೆಮಾಡಿದ್ದ ಒಂದೊಂದು ಪದಪುಂಜಕ್ಕೂ ಸರಿಸಮನಾದ ಒಂದೊಂದು ಪುಂಜವನ್ನು ನಿರ್ಮಿಸಿದೆವು, ಮತ್ತು ಅದನ್ನೇ ಆಡಳಿತ ಕನ್ನಡವೆಂದು ಕರೆದೆವು.

ಇಲ್ಲಿ ಒಂದು ಹಳೆಯ ವಿವಾದ ತಲೆಯೆತ್ತುತ್ತದೆ. ಇದೆಲ್ಲವೂ ಸಂಸ್ಕೃತ ಪದಗಳ ಹಾವಳಿ, ಅಚ್ಚಗನ್ನಡವನ್ನು ಬರೆದರೆ ಸರಿಹೋಗುತ್ತದೆ ಎನ್ನುವವರುಂಟು. ಈ ವಾದಕ್ಕೆ ದೀರ್ಘವಾದ ಪರಂಪರೆಯೂ ಇದೆ. ಮುಳುಗುಂದದ ನಯಸೇನನು 12ನೆಯ ಶತಮಾನದ ಆರಂಭದಲ್ಲಿ ರಚಿಸಿದ ಧರ್ಮಾಮೃತದಲ್ಲಿ, ಕನ್ನಡದಲ್ಲಿ ಬರೆಯಹೊರಟು ಸಲ್ಲದ ಸಂಸ್ಕೃತವನ್ನು ತುರುಕುವವರನ್ನು ತುಪ್ಪಕ್ಕೆ ಎಣ್ಣೆ ಬೆರಸುವವರಿಗೆ ಹೋಲಿಸಿದ್ದಾನೆ. ಆಂಡಯ್ಯನು ತತ್ಸಮಗಳನ್ನು ಕೈಬಿಟ್ಟೇ ಕಬ್ಬಿಗರ ಕಾವವನ್ನು ಕಟ್ಟಿದನು. ಮುದ್ದಣನ ರಾಮಾಶ್ವಮೇಧದಲ್ಲಿ ಗಂಡನು ಸಂಸ್ಕೃತಭೂಯಿಷ್ಠವಾಗಿ ಕಥೆಯನ್ನು ಆರಂಭಿಸಿದಾಗ ಮನೋರಮೆ ಅವನನ್ನು ತಡೆದು, ತಿಳಿಯುವ ಕನ್ನಡದಲ್ಲಿ ಹೇಳೆಂದು ಹಟಹಿಡಿಯುವ ಪ್ರಸಂಗ ಕನ್ನಡಿಗರಿಗೆಲ್ಲ ಪರಿಚಿತ. ಇವರೆಲ್ಲರ ಮಾತಿನಲ್ಲಿಯೂ ಸತ್ಯವಿದೆ. ಆದರೂ ನಮ್ಮ ಇಂದಿನ ಪೊಳ್ಳುತನದ ಬೇರು ಅಲ್ಲಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ‘ತಕ್ಕ ಹೆಜ್ಜೆಯನ್ನು ಇಡಲಾಗುವುದು’ ಎಂದು ಅಚ್ಚಗನ್ನಡದಲ್ಲಿ ಬರೆದರೆ ಅದು ‘ಸೂಕ್ತ ಕ್ರಮ ಕೈಗೊಳ್ಳಲಾಗುವುದು’ ಎಂಬುದಕ್ಕಿಂತ ಕೂದಲೆಳೆಯಷ್ಟೂ ಮೇಲಲ್ಲ. ಅರ್ಥ ಎರಡರಲ್ಲಿಯೂ ಸಮನಾಗಿ ಶೂನ್ಯ. ‘ಗ್ರಹಣದ ಮೋಕ್ಷಕಾಲ’ ಎಂಬಲ್ಲಿ ತತ್ಸಮವಿದ್ದರೂ ಅದು ಗಡಿಯಾರದ ಒಂದು ಗಳಿಗೆಯನ್ನು ತಪ್ಪದೆ ತೋರಿಸುತ್ತದೆ. ಪದದ ಕುಲವನ್ನು ಕೇಳುವುದಕ್ಕಿಂತ ಅದು ಏನನ್ನು ತೋರಿಸುತ್ತದೆಂದು ಕೇಳುವುದೇ ಯುಕ್ತ.

ಈ ಕೇಳುವ ಕ್ರಮವನ್ನು ನಮ್ಮ ಆಲಂಕಾರಿಕರು ಬಹು ಸೂಕ್ಷ್ಮವಾಗಿ ಬೆಳೆಸಿದ್ದರು. ಕನ್ನಡದಲ್ಲಿ ನಮಗೆ ದೊರೆತಿರುವ ಮೊತ್ತಮೊದಲ ಗ್ರಂಥವಾದ ಕವಿರಾಜಮಾರ್ಗದ ಪ್ರಥಮ ಪರಿಚ್ಛೇದವೇ ದೋಷವಿಚಾರಕ್ಕೆ ಮೀಸಲಾಗಿದೆ. ಹೇಗೆ ಬರೆಯಬಾರದೆಂಬ ವಿವೇಕವನ್ನೇ ಈ ಭಾಷೆ ಮೊದಲು ದಾಖಲೆಮಾಡಿತೆನ್ನಬಹುದು. ಕಾಶ್ಮೀರದ ಮಮ್ಮಟನು 11ನೆಯ ಶತಮಾನದಲ್ಲಿ ರಚಿಸಿದ ಕಾವ್ಯಪ್ರಕಾಶದ ದೋಷಪ್ರಕರಣವನ್ನು ಓದುತ್ತ ಹೋದರೆ, ಅವನು ನಮ್ಮ ಸಭೆ ಸಮಾರಂಭಗಳಿಗೆ ಬಂದು ಕುಳಿತು ಬರೆದನೋ ಎನ್ನಿಸುತ್ತದೆ. ಸ್ಥಳವನ್ನು ತುಂಬುವುದಕ್ಕೆ ವಿನಾ ಬೇರೆ ಪ್ರಯೋಜನವಿಲ್ಲದ ಪದ ಅವನಿಗೆ ನಿರರ್ಥಕ. ದೂರದರ್ಶನದ ವಾರ್ತೆಗಳಲ್ಲಿಯೂ ವೇದಿಕೆಗಳ ಮೇಲೂ ಈಗ ಸರ್ವೇಸಾಮಾನ್ಯವಾಗಿರುವ ‘ಬಂದಿರುವಂತಹ ಗಣ್ಯರು’, ‘ಆಗಿರತಕ್ಕಂತಹ ಅನಾಹುತ’, ‘ಉದ್ಘಾಟನೆ ಮಾಡುವಂತಹ ಕೆಲಸವನ್ನು ಮಾಡಿದರು’ ಎಂಬ ಪ್ರಯೋಗಗಳಲ್ಲಿ ‘ಅಂತಹ’ ಎಂಬುದನ್ನೂ ‘ಕೆಲಸ’ ಎಂಬುದನ್ನೂ ಕಿತ್ತುಹಾಕಿದರೆ ಅರ್ಥಕ್ಕೆ ಯಾವ ಊನವೂ ಇಲ್ಲ: ಬಂದ ಗಣ್ಯರು, ಆದ ಅನಾಹುತ, ಉದ್ಘಾಟಿಸಿದರು. ‘ಈ ನಿಟ್ಟಿನಲ್ಲಿ’, ‘ಆ ದಿಸೆಯಲ್ಲಿ’, ‘ಈ ಒಂದು ಹಿನ್ನೆಲೆಯಲ್ಲಿ’ ಎಂಬವೂ ಅದೇ ಜಾತಿಗೆ ಸೇರಿದವು. ಮುಂದಿನ ಮಾತು ಹೊಳೆಯುವವರೆಗೆ ನಾಲಿಗೆಗೆ ಆಧಾರವಾಗಿ ಹುಟ್ಟಿದ ಇವು ಈಗ ಸಾವಕಾಶವಾಗಿ ಯೋಚಿಸಿ ಬರೆಯುವವರ ಲೇಖನಿಗೂ ಅಂಟಿಕೊಂಡಿವೆ.

ಅಧಿಕಪದ, ಪುನರುಕ್ತ ಎಂಬ ದೋಷಗಳಿಗೆ ನಮ್ಮ ಲಗ್ನಪತ್ರಿಕೆಗಳು ಸಾಕ್ಷಿ. ‘ಸಕುಟುಂಬ ಸಮೇತರಾಗಿ’ ಬರಬೇಕೆಂದು ಕೇಳುವಾಗ, ಕುಟುಂಬದೊಡನೆ ಎಂಬ ಅರ್ಥ ಒಮ್ಮೆ ಮುಂದೆಯೂ ಒಮ್ಮೆ ಹಿಂದೆಯೂ ಬರುತ್ತದೆ; ‘ಸವಿನಯಪೂರ್ವಕವಾಗಿ’ ಎಂಬಲ್ಲಿ ವಿನಯ ಇಮ್ಮಡಿಯಾಗುವುದಿಲ್ಲ, ಅದರ ವಾಚಕಗಳು ಮಾತ್ರ ಇಮ್ಮಡಿಯಾಗುತ್ತವೆ; ‘ಅತ್ಯಂತ ಶ್ರೇಷ್ಠತಮ’ ಎಂಬುದು ಶಿಖರದ ಮೇಲೆ ಇನ್ನೆರಡು ಶಿಖರಗಳನ್ನು ಏರಿಸಲು ಹೋಗುತ್ತದೆ. ಇವು ಸಣ್ಣ ದೋಷಗಳು, ಕ್ಷಮಾರ್ಹವಾದವು, ಮನೆಯ ಮಂಗಳಕಾರ್ಯದ ಸಂಭ್ರಮದಲ್ಲಿ ಯಾರೂ ಇದಕ್ಕಾಗಿ ಹುಬ್ಬುಗಂಟಿಕ್ಕಬೇಕಾಗಿಲ್ಲ. ಮಮ್ಮಟನು ‘ಅವಿಮೃಷ್ಟವಿಧೇಯಾಂಶ’ ಎಂದು ಹೆಸರಿಸಿದ ದೋಷ ಹಾಗಲ್ಲ. ಮುಖ್ಯವಾಗಿ ವಿಧಿಸಬೇಕಾದ ಅಂಶವನ್ನು ಸಮಾಸದೊಳಗೋ ವಿಶೇಷಣದೊಳಗೋ ಹೂತು, ಅದರ ಪ್ರಾಧಾನ್ಯವನ್ನು ಕೆಡಿಸುವುದು ಅದರ ಲಕ್ಷಣ. ದರ ಏರಿಕೆಯ ಪ್ರಕಟಣೆಗಳನ್ನು ಗಮನಿಸಿರಿ: ‘ಗ್ರಾಹಕರಿಗೆ ಗುಣಮಟ್ಟದ ಸೇವೆಯನ್ನು ನಿರಂತರವಾಗಿ ಒದಗಿಸುವ ಸದುದ್ದೇಶದಿಂದ ಪರಿಷ್ಕೃತ ದರಗಳನ್ನು ಜಾರಿಗೊಳಿಸಲಾಗುತ್ತಿದ್ದು’ ಎಂದು ಆರಂಭವಾಗುವ ವಾಕ್ಯದಲ್ಲಿ ಹೇಳಬೇಕಾದ ಒಂದೇ ಸಂಗತಿಯಾದ ‘ಬೆಲೆ ಹೆಚ್ಚಿಸಿದ್ದೇವೆ’ ಎಂಬುದು ‘ಪರಿಷ್ಕೃತ’ ಎಂಬ ವಿಶೇಷಣದ ಒಳಗೆ ಉಸಿರುಕಟ್ಟಿ ಮಲಗಿದೆ. ಇಂತಹ ವಾಕ್ಯಗಳು ಅಜ್ಞಾನದಿಂದ ಹುಟ್ಟಿದವಲ್ಲ. ಅವುಗಳ ರಚನೆಗೆ ಚಾತುರ್ಯ ಬೇಕು, ಆದುದರಿಂದಲೇ ಅವು ಹೆಚ್ಚು ನಿಂದ್ಯ.

ನ್ಯಾಯಶಾಸ್ತ್ರದವರು ಇದಕ್ಕಿಂತ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ವಾದದಲ್ಲಿ ಸೋಲನ್ನು ನಿರ್ಣಯಿಸುವ 22 ನಿಗ್ರಹಸ್ಥಾನಗಳನ್ನು ಗೌತಮನ ನ್ಯಾಯಸೂತ್ರ ಎಣಿಸುತ್ತದೆ. ಅವುಗಳಲ್ಲಿ ನಿರರ್ಥಕ, ಅಪಾರ್ಥಕ, ಅಧಿಕ, ಪುನರುಕ್ತಗಳ ಜೊತೆಗೆ ಅವಿಜ್ಞಾತಾರ್ಥವೆಂಬುದೊಂದಿದೆ. ವಾದಿ ಮೂರು ಬಾರಿ ಹೇಳಿದ ಮೇಲೂ ಸಭೆಗಾಗಲಿ ಪ್ರತಿವಾದಿಗಾಗಲಿ ಅರ್ಥವಾಗದಿದ್ದರೆ ವಾದಿಯೇ ಸೋತನೆಂದು ತೀರ್ಮಾನ. ಈ ನಿಯಮದ ಹಿಂದಿನ ನೈತಿಕ ಧೈರ್ಯ ನನಗೆ ಬಹಳ ಮೆಚ್ಚಿಗೆಯಾದುದು. ಇಂದು ಬ್ಯಾಂಕಿನ ಪತ್ರವನ್ನೋ ವಿಮೆಯ ಕರಾರನ್ನೋ ಆಸ್ಪತ್ರೆಯ ಒಪ್ಪಿಗೆಪತ್ರವನ್ನೋ ಹಿಡಿದು, ‘ನನಗೆ ಓದು ಸಾಲದು, ಅದಕ್ಕೇ ತಿಳಿಯಲಿಲ್ಲ’ ಎಂದು ನಾಚಿಕೊಳ್ಳುವ ಹಿರಿಯರನ್ನು ನಾವು ನಿತ್ಯವೂ ಕಾಣುತ್ತೇವೆ. ಆ ನಾಚಿಕೆ ಓದಿದವನದಾಗಬಾರದು, ಬರೆದವನದಾಗಬೇಕು. ಅರ್ಥವಾಗದಿರುವುದು ಕೇಳುವವನ ದೋಷವೆಂದು ಭಾವಿಸುವ ಸಮಾಜದಲ್ಲಿ ಆಡಂಬರಕ್ಕೆ ಗೌರವ ದೊರೆಯುತ್ತದೆ, ಮತ್ತು ಆ ಗೌರವದ ನೆರಳಿನಲ್ಲಿ ಮೋಸಕ್ಕೂ ಅವಕಾಶ ದೊರೆಯುತ್ತದೆ.

ಹಳೆಯ ಕಾಲದವರೇನು ಕಡಮೆ ಆಡಂಬರ ಮಾಡಿದರೇ ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಬಿ.ಎಲ್. ರೈಸರು ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳಲ್ಲಿ ಸಂಗ್ರಹಿಸಿದ ಶಾಸನಗಳನ್ನು ತೆರೆದರೆ, ಸಮಸ್ತಭುವನಾಶ್ರಯ, ಪೃಥ್ವೀವಲ್ಲಭ, ಪರಮಭಟ್ಟಾರಕ ಮೊದಲಾದ ಬಿರುದುಗಳ ಸಾಲು ಮುಗಿಯುವ ಹೊತ್ತಿಗೆ ಓದುವವನ ಉಸಿರೂ ಮುಗಿಯುತ್ತದೆ; ಒಂದೆರಡು ನಾಡುಗಳಿಗೆ ಒಡೆಯನಾದ ಸಾಮಂತನೂ ಸಮುದ್ರಮುದ್ರಿತವಾದ ಭೂಮಂಡಲವನ್ನು ಆಳುವವನಂತೆ ವರ್ಣಿತನಾಗಿದ್ದಾನೆ. ಆದರೆ ಶಾಸನವನ್ನು ಅಲ್ಲಿಗೇ ನಿಲ್ಲಿಸದೆ ಮುಂದೆ ಓದಬೇಕು. ಪ್ರಶಸ್ತಿ ಮುಗಿದು ದತ್ತಿಯ ವಿವರ ಬಂದೊಡನೆ ಭಾಷೆಯ ನಡೆಯೇ ಬದಲಾಗುತ್ತದೆ. ಎಷ್ಟು ಮತ್ತರು, ಎಷ್ಟು ಕಮ್ಮ, ಎಷ್ಟು ಗದ್ಯಾಣ, ಮೂಡಲು ಯಾವ ಕಲ್ಲು, ತೆಂಕಲು ಯಾವ ಹಳ್ಳ, ಪಡುವಲು ಯಾವ ಮರ, ಬಡಗಲು ಯಾವ ಊರಿನ ಎಲ್ಲೆ ಎಂಬುದೆಲ್ಲ ಊರಿನ ಒಕ್ಕಲಿಗನಿಗೆ ತಿಳಿಯುವ ಕನ್ನಡದಲ್ಲಿ, ಒಂದು ಪದವೂ ಮಿಗದಂತೆ, ಬರುತ್ತದೆ. ಸಂಸ್ಕೃತ ಶ್ಲೋಕಗಳಿಂದ ಆರಂಭವಾದ ಎಷ್ಟೋ ಶಾಸನಗಳು ಎಲ್ಲೆಕಟ್ಟನ್ನು ಹೇಳುವ ಭಾಗಕ್ಕೆ ಬಂದಾಗ ಕನ್ನಡಕ್ಕೆ ಹೊರಳುತ್ತವೆ. ಅರಸನ ಕೀರ್ತಿಯನ್ನು ಎಷ್ಟು ಹಿಗ್ಗಿಸಿದರೂ ಯಾರಿಗೂ ನಷ್ಟವಿರಲಿಲ್ಲ. ಹೊಲದ ಎಲ್ಲೆಯನ್ನು ಒಂದು ಮಾರು ಹಿಗ್ಗಿಸಿದರೂ ನೆರೆಯವನಿಗೆ ನಷ್ಟವಿತ್ತು. ಆ ಲೇಖಕರಿಗೆ ಯಾವ ಸ್ಥಳದಲ್ಲಿ ಮಾತು ಅಲಂಕಾರ, ಯಾವ ಸ್ಥಳದಲ್ಲಿ ಮಾತು ಪ್ರಮಾಣ ಎಂಬ ವಿವೇಚನೆ ಇತ್ತು. ನಾವು ಕಳೆದುಕೊಂಡಿರುವುದು ಆ ವಿವೇಚನೆಯನ್ನು. ಈಗ ಪ್ರಶಸ್ತಿಯ ಭಾಷೆಯೇ ಎಲ್ಲೆಕಲ್ಲಿನ ಜಾಗಕ್ಕೂ ಬಂದು ನಿಂತಿದೆ.

ಇದೇ ಕಾರಣದಿಂದ ಉಪಚಾರದ ಮಾತುಗಳನ್ನು ನಾನು ಆಡಂಬರವೆಂದು ಎಣಿಸುವುದಿಲ್ಲ. ತೀರ್ಥರೂಪರಿಗೆ ಸಾಷ್ಟಾಂಗ ನಮಸ್ಕಾರ ಹೇಳಿ, ಉಭಯಕುಶಲೋಪರಿ ಸಾಂಪ್ರತವೆಂದು ಮುಂದುವರಿದು, ಆಶೀರ್ವಾದ ಬೇಡಿ ಮುಗಿಯುತ್ತಿದ್ದ ಹಿಂದಿನ ಕಾಗದಗಳಲ್ಲಿ ಆರಂಭ ಮುಕ್ತಾಯಗಳು ಎಲ್ಲರಿಗೂ ಒಂದೇ ಆಗಿದ್ದರೂ, ಅವು ಬಾಗಿಲಲ್ಲಿ ಕೈಮುಗಿದಂತೆ, ಬರೆದವನಿಗೂ ಓದಿದವನಿಗೂ ಅವುಗಳ ಪ್ರಮಾಣ ಗೊತ್ತಿತ್ತು. ಆ ಎರಡು ಸಾಲುಗಳ ನಡುವೆ ಎಮ್ಮೆ ಕರುಹಾಕಿದುದು, ತಂಗಿಯ ಗಂಡನ ಕಡೆಯವರು ಬಂದುಹೋದುದು, ಕಂದಾಯಕ್ಕೆ ಹಣ ಸಾಲದಿರುವುದು ಎಲ್ಲವೂ ನೇರವಾಗಿ ಬರುತ್ತಿದ್ದವು. ವಿನಯಕ್ಕೆ ಒಂದು ಸ್ಥಾನವಿತ್ತು, ವಿಷಯಕ್ಕೆ ಮತ್ತೊಂದು.

ಪೊಳ್ಳುಮಾತು ಮನಸ್ಸಿಗೆ ಹೆಚ್ಚು ನೋವನ್ನು ಕೊಡುವುದು ಸಾವಿನ ಸಂದರ್ಭದಲ್ಲಿ ಮತ್ತು ಸನ್ಮಾನದ ಸಂದರ್ಭದಲ್ಲಿ. ಒಬ್ಬರು ತೀರಿಕೊಂಡರೆ ನಾಡಿಗೆ ‘ತುಂಬಲಾರದ ನಷ್ಟ’. ಅವರು ‘ಅಪಾರ ಬಂಧುಬಳಗವನ್ನು’ ಅಗಲಿರುತ್ತಾರೆ. ಊರು ‘ಶೋಕಸಾಗರದಲ್ಲಿ’ ಮುಳುಗಿರುತ್ತದೆ. ಮೂವತ್ತು ವರ್ಷ ಹಳ್ಳಿಯ ಶಾಲೆಯಲ್ಲಿ ಮಗ್ಗಿ ಕಲಿಸಿದ ಒಬ್ಬ ಮೇಷ್ಟರನ್ನೂ, ಊರೂರು ತಿರುಗಿ ಬಾಣಂತನ ಮಾಡಿಸಿದ ಒಬ್ಬ ಸೂಲಗಿತ್ತಿಯನ್ನೂ, ಸಕ್ಕರೆಯ ಸಗಟು ವ್ಯಾಪಾರಿಯನ್ನೂ ಒಂದೇ ವಾಕ್ಯ ಕಳುಹಿಸಿಕೊಡುತ್ತದೆ. ಆ ಮೇಷ್ಟರು ಮಳೆಗಾಲದಲ್ಲಿ ಹಳ್ಳ ದಾಟಲಾರದ ಮಕ್ಕಳಿಗಾಗಿ ಆಚೆಯ ದಡದಲ್ಲಿಯೇ ಪಾಠ ಮಾಡುತ್ತಿದ್ದರು ಎಂಬ ಒಂದು ಸಾಲು ಇದ್ದಿದ್ದರೆ, ಅವರನ್ನು ಕಂಡರಿಯದವನ ಮನಸ್ಸೂ ಒಂದು ಕ್ಷಣ ನಿಲ್ಲುತ್ತಿತ್ತು. ಸನ್ಮಾನದ ಬಿನ್ನವತ್ತಳೆಗಳ ಸ್ಥಿತಿಯೂ ಇದೇ. ಸರಳತೆಯ ಸಾಕಾರಮೂರ್ತಿ, ಬಹುಮುಖ ಪ್ರತಿಭೆ, ಎಲೆಮರೆಯ ಕಾಯಿ ಎಂದು ಮೊದಲಾಗಿ ಅಚ್ಚಾದ ಪತ್ರದಲ್ಲಿ ಹೆಸರನ್ನು ಬದಲಾಯಿಸಿದರೆ ಅದು ಮುಂದಿನ ವಾರದ ಸನ್ಮಾನಕ್ಕೂ ಸಾಕಾಗುತ್ತದೆ. ಯಾರನ್ನು ಬೇಕಾದರೂ ಹೊಗಳಬಲ್ಲ ಮಾತು ಯಾರನ್ನೂ ಹೊಗಳುವುದಿಲ್ಲ. ಅದನ್ನು ಕೇಳುತ್ತ ಕುಳಿತ ಆ ಹಿರಿಯರಿಗೆ ಅದು ತಿಳಿಯುವುದಿಲ್ಲವೆಂದು ನಾವು ಭಾವಿಸುವುದು ಕ್ರೌರ್ಯವೇ ಸರಿ.

ಈ ಅಭ್ಯಾಸದ ಬೀಜ ಶಾಲೆಯಲ್ಲಿದೆ. ಪ್ರಬಂಧವೆಂದರೆ ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂದು ಕಲಿಸುವುದು ತಪ್ಪಲ್ಲ. ಆದರೆ ‘ಇಂದಿನ ಆಧುನಿಕ ಯುಗದಲ್ಲಿ’ ಎಂದು ಆರಂಭಿಸಿ ‘ಆದ್ದರಿಂದ ನಾವೆಲ್ಲರೂ’ ಎಂದು ಮುಗಿಸಿದರೆ ಅಂಕ ದೊರೆಯುತ್ತದೆಂದು ಕಂಡುಕೊಂಡ ಮಗು, ನಡುವೆ ತನಗೆ ಗೊತ್ತಿರುವ ಒಂದು ಸಂಗತಿಯನ್ನಾದರೂ ಹೇಳಬೇಕೆಂಬ ಒತ್ತಾಯಕ್ಕೆ ಸಿಕ್ಕುವುದೇ ಇಲ್ಲ. ಮಳೆಗಾಲದ ಮೇಲೆ ಬರೆಯುವ ಮಲೆನಾಡಿನ ಹುಡುಗಿ ತನ್ನ ಮನೆಯ ಕಂಬಳಿಕೊಪ್ಪೆಯನ್ನೂ ಜಿಗಣೆಯನ್ನೂ ಬಿಟ್ಟು, ಮಾರ್ಗದರ್ಶಿ ಪುಸ್ತಕದ ಇಳೆಯ ಹಸಿರು ಸೀರೆಯನ್ನು ವರ್ಣಿಸುತ್ತಾಳೆ. ಪುಟ ತುಂಬಿದೆಯೆ ಎಂದು ಮೊದಲು ನೋಡುವ ಕಣ್ಣಿನ ಮುಂದೆ ಬರೆದು ಬೆಳೆದವರೇ ಮುಂದೆ ಕಚೇರಿಯಲ್ಲಿ ಕಡತವನ್ನೂ ಪತ್ರಿಕೆಯಲ್ಲಿ ಅಂಕಣವನ್ನೂ ತುಂಬುತ್ತಾರೆ. ಉಪಾಧ್ಯಾಯರು ಕೆಂಪು ಶಾಯಿಯಿಂದ ಕಾಗುಣಿತವನ್ನು ತಿದ್ದುವಷ್ಟೇ ಶ್ರದ್ಧೆಯಿಂದ, ಏನನ್ನೂ ಹೇಳದ ಸಾಲಿನ ಅಂಚಿನಲ್ಲಿ ‘ಇದರಿಂದ ಏನು ತಿಳಿಯಿತು?’ ಎಂದು ಬರೆದರೆ ಅದು ದೊಡ್ಡ ಉಪಕಾರವಾದೀತು.

ಕಚೇರಿಯಲ್ಲಿದ್ದವರಿಗೆ ಒಳ್ಳೆಯ ಕನ್ನಡ ಒಗ್ಗುವುದಿಲ್ಲವೆಂಬ ಮಾತನ್ನಂತೂ ನಮ್ಮ ನಾಡಿನ ಇತಿಹಾಸ ಒಪ್ಪುವುದಿಲ್ಲ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಮೈಸೂರು ಸಿವಿಲ್ ಸರ್ವಿಸಿನಲ್ಲಿ ಸೇರಿ, ಎಕ್ಸೈಸ್ ಕಮಿಷನರರ ಪದವಿಯವರೆಗೆ ಏರಿ, 1943ರಲ್ಲಿ ನಿವೃತ್ತರಾದವರು. ಕನ್ನಡದಲ್ಲಿ ಅವರಿಗಿಂತ ನಿರಾಡಂಬರವಾಗಿ ಕಥೆ ಹೇಳಿದವರನ್ನು ಹುಡುಕುವುದು ಕಷ್ಟ. ಅಮಲ್ದಾರಿಕೆ ಮಾಡಿದ ನವರತ್ನ ರಾಮರಾಯರ ‘ಕೆಲವು ನೆನಪುಗಳು’ ಓದಿದವರಿಗೆ, ಆಡಳಿತದ ಒಂದು ಪ್ರಸಂಗವನ್ನು ಯಾರು, ಎಲ್ಲಿ, ಏನು ಮಾಡಿದರೆಂದು ನಾಲ್ಕು ಮಾತಿನಲ್ಲಿ ಕಣ್ಣಿಗೆ ಕಟ್ಟಿಸುವುದು ಸಾಧ್ಯವೆಂದು ಬೇರೆ ಪ್ರಮಾಣ ಬೇಕಾಗುವುದಿಲ್ಲ. ನಿಘಂಟುಕಾರರಾದ ಜಿ. ವೆಂಕಟಸುಬ್ಬಯ್ಯನವರು ಪ್ರಜಾವಾಣಿಯ ‘ಇಗೋ ಕನ್ನಡ’ ಅಂಕಣದಲ್ಲಿ ಬಹುಕಾಲ ಪದಗಳ ರೂಪ, ಅರ್ಥ, ಪ್ರಯೋಗಗಳನ್ನು ಕುರಿತ ಓದುಗರ ಸಂದೇಹಗಳನ್ನು ಪರಿಹರಿಸುತ್ತ ಬಂದರು. ಹಾಗೆ ಕೇಳುವ ಜನ ಈ ನಾಡಿನಲ್ಲಿ ವಿಪುಲವಾಗಿದ್ದಾರೆಂಬುದಕ್ಕೆ ಆ ಅಂಕಣದ ದೀರ್ಘಾಯುಷ್ಯವೇ ನಿದರ್ಶನ.

ಈಗ ಕಾನೂನು ಕೂಡ ಕೇಳುವವರ ಪಕ್ಷದಲ್ಲಿದೆ. 2005ರ ಮಾಹಿತಿ ಹಕ್ಕು ಅಧಿನಿಯಮ, ಕೇಳಿದ ಮಾಹಿತಿಗೆ ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಕೊಡಬೇಕೆಂದು ಹೇಳುವುದರ ಜೊತೆಗೆ, ನಿರಾಕರಿಸುವುದಾದರೆ ಅದಕ್ಕೆ ಕಾರಣವನ್ನೂ, ಮೇಲ್ಮನವಿಗೆ ಇರುವ ಅವಧಿಯನ್ನೂ, ಮೇಲ್ಮನವಿಯನ್ನು ಯಾರ ಮುಂದೆ ಸಲ್ಲಿಸಬೇಕೆಂಬುದನ್ನೂ ಅದೇ ಪತ್ರದಲ್ಲಿ ತಿಳಿಸಬೇಕೆಂದು ವಿಧಿಸುತ್ತದೆ. ಕರ್ನಾಟಕದ ‘ಸಕಾಲ’ ವ್ಯವಸ್ಥೆಗೆ ಆಧಾರವಾದ 2011ರ ಅಧಿನಿಯಮ, ಪಟ್ಟಿಯಲ್ಲಿರುವ ಪ್ರತಿಯೊಂದು ಸೇವೆಗೂ ಹೊಣೆಗಾರನಾದ ಅಧಿಕಾರಿಯನ್ನೂ ದಿನಗಳ ಮಿತಿಯನ್ನೂ ಗೊತ್ತುಮಾಡಿ, ತಡವಾದ ಒಂದೊಂದು ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿ ಮೀರದಂತೆ, ಅರ್ಜಿದಾರನಿಗೆ ಪರಿಹಾರ ಸಲ್ಲಬೇಕೆಂದು ಹೇಳುತ್ತದೆ. ಯಾರು, ಏನು, ಯಾವಾಗ ಎಂಬ ಮೂರು ಪ್ರಶ್ನೆಗಳನ್ನು ‘ಸೂಕ್ತ ಕ್ರಮ’ ಎಂಬ ಪದಪುಂಜ ಎಷ್ಟು ಜಾಣತನದಿಂದ ನುಂಗಿತ್ತೋ ಅಷ್ಟೇ ಸ್ಪಷ್ಟವಾಗಿ ಈ ಎರಡು ಕಾಯಿದೆಗಳು ಅವುಗಳನ್ನು ಹೊರಗೆ ತಂದು ನಿಲ್ಲಿಸಿವೆ.

ಆದುದರಿಂದ ಓದುಗರಲ್ಲಿ ನನ್ನ ಬಿನ್ನಹ ಇಷ್ಟೆ. ಮುಂದಿನ ಸಲ ನಿಮ್ಮ ಮನೆಗೆ ಅಂತಹ ಕಾಗದವೊಂದು ಬಂದಾಗ ಅದನ್ನು ಮಡಿಚಿ ಬೀರುವಿನಲ್ಲಿ ಇಡಬೇಡಿರಿ. ಅದೇ ದಿನ ಒಂದು ಹಾಳೆಯನ್ನು ತೆಗೆದುಕೊಂಡು, ಮೊದಲ ಸಾಲಿನಲ್ಲಿಯೇ ನಿಮ್ಮ ಪ್ರಶ್ನೆಯನ್ನಿಟ್ಟು, ಯಾವ ಅಧಿಕಾರಿ, ಯಾವ ಕೆಲಸವನ್ನು, ಯಾವ ತಾರೀಖಿನೊಳಗೆ ಮಾಡುತ್ತಾರೆಂಬುದನ್ನು ತಿಳಿಸಿರೆಂದು ವಿನಯದಿಂದ, ಆದರೆ ಬಿಡದೆ, ಮರಳಿ ಬರೆಯಿರಿ; ಪತ್ರದ ನಕಲನ್ನೂ ಅದರ ಸ್ವೀಕೃತಿಯನ್ನೂ ನಿಮ್ಮಲ್ಲಿ ಇಟ್ಟುಕೊಳ್ಳಿರಿ.